ಸೆಕೆಂಡ್ ಹ್ಯಾಂಡ್ ಅಂದ್ರೆ ಸೆಕೆಂಡ್ ಕ್ಲಾಸ್ ಅಲ್ಲ ಸ್ವಾಮಿ

ಬೆಂಗಳೂರಲ್ಲಿ ಸಂಬಳ ನೆಚ್ಚಿ ಬದುಕುತ್ತಾ, ಮೊದಲ ಕಾರಿಗೆ ಕೈಹಾಕಲು ಹೊರಟಿರುವ ಮೂವತ್ತರ ಆಸುಪಾಸಿನವರಿಗೆ ನನ್ನದೊಂದು ನೇರ ಮಾತು. ಏಳು ವರ್ಷದ ಸಾಲದ ಮೇಲೆ ಬರುವ ಆ ಹೊಸ ಮಿನಿ ಎಸ್‌ಯುವಿಯ ಆಸೆ ಬಿಡಿ. ನಾಲ್ಕೈದು ಲಕ್ಷದೊಳಗೆ ಸಿಗುವ, ಏಳರಿಂದ ಹತ್ತು ವರ್ಷ ಹಳೆಯದಾದ, ಒಬ್ಬರೇ ಜೋಪಾನವಾಗಿ ಓಡಿಸಿದ ಪೆಟ್ರೋಲ್ ಸೆಡಾನ್ ಹುಡುಕಿ.

ಹೀಗಂದ ಕೂಡಲೇ ಎರಡು ಕಡೆಯಿಂದ ಕಲ್ಲು ಬೀಳುತ್ತೆ ಅಂತ ಗೊತ್ತು. ಒಂದು ಕಡೆ ಮನೆಯವರು, ನೆಂಟರು: 'ಇಷ್ಟು ಓದಿ, ಇಷ್ಟು ಸಂಬಳ ತಗೊಂಡು ಯಾರೋ ಓಡಿಸಿ ಬಿಟ್ಟ ಗಾಡೀನಾ ತರೋದು?' ಇನ್ನೊಂದು ಕಡೆ ಹಳೆ ಗಾಡಿಯ ಭಕ್ತರು. ಇವರ ಪ್ರಕಾರ ಹೊಸ ಕಾರು ಕೊಳ್ಳುವವನು ಶುದ್ಧ ದಡ್ಡ, ಹಳೇದು ಕೊಳ್ಳುವವನು ಹುಟ್ಟಾ ಜಾಣ. ಆಪ್ ತೆರೆ, ಫೋಟೋ ನೋಡು, ಟೋಕನ್ ಕಟ್ಟು, ಮುಗೀತು. ನನ್ನ ಜಗಳ ಈ ಇಬ್ಬರ ಜೊತೆಗೂ ಇದೆ. ಮೊದಲು ನೆಂಟರ ಕಡೆಯ ಲೆಕ್ಕ ಮುಗಿಸೋಣ.

ಶೋರೂಮಿಗೆ ಹೋದರೆ ಗಾಡಿ ಬೆಲೆ ಎಷ್ಟು ಅಂತ ಯಾರೂ ಹೇಳಲ್ಲ, ತಿಂಗಳಿಗೆ ಎಷ್ಟು ಅಂತ ಹೇಳ್ತಾರೆ. 'ಸಾರ್, ಬರೀ ಹದಿನಾರು ಸಾವಿರ ಇಎಂಐ.' ಆ 'ಬರೀ'ಯನ್ನು ಬಿಚ್ಚಿ ನೋಡಿ. 11 ಲಕ್ಷ ಎಕ್ಸ್-ಶೋರೂಮ್ ಬೆಲೆಯ ಒಂದು ಗಾಡಿ ಅಂತಿಟ್ಟುಕೊಳ್ಳಿ. ಕರ್ನಾಟಕದಲ್ಲಿ 10 ಲಕ್ಷ ದಾಟಿದ ಕಾರಿಗೆ ಲೈಫ್ ಟ್ಯಾಕ್ಸ್ ಶೇ. 17. ಅಂದರೆ 1.87 ಲಕ್ಷ, ಅದರ ಮೇಲೆ ಸೆಸ್ಸು ಬೇರೆ. ಇನ್ಶೂರೆನ್ಸು, ಅದು ಇದು ಸೇರಿ ಆನ್‌ರೋಡ್ ಹೊತ್ತಿಗೆ ಸುಮಾರು 13.5 ಲಕ್ಷ. ಕೈಯಿಂದ ಮೂರೂವರೆ ಕೊಟ್ಟು 10 ಲಕ್ಷ ಸಾಲ ಮಾಡಿದರೆ, ಶೇ. 9ರ ಬಡ್ಡಿಯಲ್ಲಿ 7 ವರ್ಷಕ್ಕೆ ತಿಂಗಳ ಕಂತು 16,089 ರೂಪಾಯಿ. 84 ಕಂತು. ಬ್ಯಾಂಕಿಗೆ ಕಟ್ಟುವ ಬಡ್ಡಿಯೇ ಮೂರೂವರೆ ಲಕ್ಷ.

ಐದು ವರ್ಷ ಓಡಿಸಿ ಮಾರಿದಿರಿ ಅನ್ನಿ. ವಿಮೆಯವರ ಸವಕಳಿ ಪಟ್ಟಿಯಲ್ಲಿ ನಾಲ್ಕು ವರ್ಷ ದಾಟಿದ ಗಾಡಿಗೆ ಶೇ. 50 ಕಳೀತಾರೆ. ಮಾರುಕಟ್ಟೆ ಸ್ವಲ್ಪ ಉದಾರ ಅಂತಲೇ ಇಟ್ಟುಕೊಂಡು 6 ಲಕ್ಷ ಬಂತು ಅಂದುಕೊಳ್ಳೋಣ. ಗಾಡಿಗೆ ಹಾಕಿದ್ದರಲ್ಲಿ ಏಳೂವರೆ ಲಕ್ಷ ಕರಗಿತು, ಅಷ್ಟು ದಿನಕ್ಕೆ ಬಡ್ಡಿ ಮೂರು ಲಕ್ಷ ದಾಟಿತು. ಒಟ್ಟು ಹತ್ತೂವರೆ ಲಕ್ಷ. ಪೆಟ್ರೋಲು, ಸರ್ವಿಸು ಇದರಲ್ಲಿ ಸೇರಿಲ್ಲ.

ಈಗ ಹಳೆ ಸೆಡಾನ್. ಗಾಡಿಗೆ ನಾಲ್ಕೂವರೆ ಲಕ್ಷ, ತಂದ ಕೂಡಲೇ ರಿಪೇರಿಗೆ 60 ಸಾವಿರ. ಆಮೇಲೆ ಹೊಸ ಗಾಡಿಗೆ ಬರದೇ ಇರುವ ಹೆಚ್ಚುವರಿ ಖರ್ಚು ಅಂತ ವರ್ಷಕ್ಕೆ 40 ಸಾವಿರ ತೆಗೆದಿಡಿ, ಐದು ವರ್ಷಕ್ಕೆ 2 ಲಕ್ಷ. ಕೈಯಲ್ಲಿರುವ ಮೂರೂವರೆ ಸಾಲದೆ ಒಂದೆರಡು ಲಕ್ಷ ಸಾಲ ಮಾಡಿದರೆ ಬಡ್ಡಿ ಅರ್ಧ ಲಕ್ಷದೊಳಗೆ ಮುಗಿಯುತ್ತೆ. ಹಳೆ ಗಾಡಿಗೆ ಬಡ್ಡಿ ದರ ಜಾಸ್ತಿ ನಿಜ, ಆದರೆ ಸಾಲವೇ ಚಿಕ್ಕದು. ಕೊನೆಗೆ 2 ಲಕ್ಷಕ್ಕೆ ಮಾರಿದರೆ ಐದು ವರ್ಷದ ಖರ್ಚು ಐದೂವರೆ ಲಕ್ಷ. ಹೊಸದರ ಅರ್ಧ. ನನ್ನ ಅಂದಾಜು ಆ ಕಡೆ ಈ ಕಡೆ ಒಂದು ಲಕ್ಷ ಜರುಗಿದರೂ ತೀರ್ಪು ಬದಲಾಗಲ್ಲ.

ಇದರಲ್ಲಿ ದೊಡ್ಡ ಲಾಭ ಯಾರೂ ಗಮನಿಸದ ಆ ಲೈಫ್ ಟ್ಯಾಕ್ಸು. ಕರ್ನಾಟಕದಲ್ಲೇ ರಿಜಿಸ್ಟರ್ ಆದ ಗಾಡಿಗೆ ಅದನ್ನು ಮೊದಲ ಓನರ್ ಕಟ್ಟಿ ಆಗಿದೆ. ಗಾಡಿ ಇನ್ನೊಬ್ಬರ ಹೆಸರಿಗೆ ಹೋದರೆ ಮತ್ತೆ ಕಟ್ಟಬೇಕಿಲ್ಲ. ದೇಶದಲ್ಲೇ ಅತಿ ಹೆಚ್ಚು ವಾಹನ ತೆರಿಗೆ ಇರುವ ರಾಜ್ಯಗಳಲ್ಲಿ ನಮ್ಮದೂ ಒಂದು. ಹಾಗಾಗಿ ಹಳೆ ಗಾಡಿ ಕೊಳ್ಳುವುದರ ಲಾಭ ಬೇರೆ ಊರಿನವರಿಗಿಂತ ನಮಗೆ ಹೆಚ್ಚು.

ಆದರೆ ನನಗೆ ದುಡ್ಡಿಗಿಂತ ಮುಖ್ಯವಾದದ್ದು ಬೇರೆ. 84 ಕಂತು ಅಂದರೆ 84 ತಿಂಗಳು ನೀವು ಕೆಲಸ ಬಿಡುವ ಹಾಗಿಲ್ಲ ಅಂತ ಬರೆದುಕೊಟ್ಟ ಹಾಗೆ. ಮನೆ ಬಾಡಿಗೆ, ಊರಿಗೆ ಕಳಿಸುವ ದುಡ್ಡು, ಅಪ್ಪನ ಆಸ್ಪತ್ರೆ ಖರ್ಚು, ಮಗುವಿನ ಸ್ಕೂಲ್ ಫೀಸು, ಇವುಗಳ ಸಾಲಿನಲ್ಲಿ ಹದಿನಾರು ಸಾವಿರದ ಇನ್ನೊಂದು ಗೂಟ. ಔಟರ್ ರಿಂಗ್ ರೋಡಿನ ಕಂಪನಿಗಳಲ್ಲಿ ಒಂದು ಶುಕ್ರವಾರ ಮಧ್ಯಾಹ್ನ ಎಚ್‌ಆರ್ ಕಡೆಯಿಂದ 'ಕ್ವಿಕ್ ಕಾಲ್' ಅಂತ ಮೀಟಿಂಗ್ ಬಂದರೆ ಏನಾಗುತ್ತೆ ಅಂತ ನಮ್ಮಲ್ಲಿ ಎಷ್ಟೋ ಜನ ಕಣ್ಣಾರೆ ನೋಡಿದ್ದೇವೆ. ಅಂಥಾ ದಿನ ನಮ್ಮನ್ನು ಕಾಯುವುದು ಬ್ಯಾಂಕಿನಲ್ಲಿರುವ ಆರು ತಿಂಗಳ ಖರ್ಚಿನ ದುಡ್ಡು. ಸನ್‌ರೂಫ್ ಅಲ್ಲ. ಮ್ಯಾನೇಜರ್ ಎದುರು 'ಇದು ನನ್ನಿಂದ ಆಗಲ್ಲ' ಅನ್ನುವ ಧೈರ್ಯ ಬರುವುದೂ ಅಲ್ಲಿಂದಲೇ. ಎರಡು ವರ್ಷ ಬಿಟ್ಟು ಸ್ವಂತಕ್ಕೆ ಏನಾದರೂ ಮಾಡೋಣ ಅಂದುಕೊಂಡಿದ್ದ ನನ್ನ ಸ್ನೇಹಿತನೊಬ್ಬ ಈಗಲೂ 'ಗಾಡಿ ಲೋನ್ ಮುಗೀಲಿ ಕಣೋ' ಅಂತಿದ್ದಾನೆ. ಅವನ ಕನಸನ್ನು ಹಿಡಿದಿಟ್ಟಿರುವುದು ಮನೆ ಸಾಲವೂ ಅಲ್ಲ, ದಿನಕ್ಕೆ ಇಪ್ಪತ್ತಮೂರು ಗಂಟೆ ಬೇಸ್‌ಮೆಂಟಿನಲ್ಲಿ ನಿಂತಿರುವ ಒಂದು ಕಾರು.

'ಈಗ ಜಿಎಸ್‌ಟಿ ಇಳಿದಿದೆಯಲ್ಲ, ಹೊಸದೇ ಅಗ್ಗ' ಅನ್ನುವವರಿಗೆ ಒಂದು ಮಾತು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದದ್ದು ನಿಜ. ಸಂತೋಷ. ಆದರೆ ಹೊಸದರ ಬೆಲೆ ಇಳಿದರೆ ಹಳೇದನ್ನು ಯಾರು ಹಳೇ ರೇಟಿಗೆ ತಗೋತಾರೆ? ಚೌಕಾಸಿಗೆ ಕೂತಾಗ ಅದೇ ಜಿಎಸ್‌ಟಿ ಇಳಿಕೆಯನ್ನು ನೀವೂ ಬಾಯಿಬಿಟ್ಟು ಹೇಳಿ. ಇನ್ನೊಂದು ವಿಷಯ: ಹಳೆ ಗಾಡಿ ಮಾರುವ ಡೀಲರ್ ತನ್ನ ಲಾಭಾಂಶದ ಮೇಲೆ ಶೇ. 18 ಜಿಎಸ್‌ಟಿ ಕಟ್ಟಬೇಕು. ಆದರೆ ಒಬ್ಬ ವ್ಯಕ್ತಿ ತನ್ನ ಸ್ವಂತ ಕಾರನ್ನು ನೇರವಾಗಿ ನಿಮಗೆ ಮಾರಿದರೆ ಜಿಎಸ್‌ಟಿಯೇ ಇಲ್ಲ. ಹಾಗಾಗಿ ಮೊದಲು ಆಫೀಸು, ಅಪಾರ್ಟ್‌ಮೆಂಟು, ಊರಿನವರ ನಡುವೆ ವಿಚಾರಿಸಿ. ಡೀಲರ್ ಬಾಗಿಲು ಕೊನೆಗೆ ತಟ್ಟಿ.

ಸರಿ, ಹಳೇದೇ ಆಗಲಿ, ಸೆಡಾನೇ ಯಾಕೆ? ಯಾಕೆಂದರೆ ಈಗ ಯಾರಿಗೂ ಅದು ಬೇಡವಾಗಿದೆ. ಎಲ್ಲರ ಕಣ್ಣೂ ಎತ್ತರದ ಗಾಡಿ ಮೇಲೆ. ಬೇಡಿಕೆ ಕಮ್ಮಿ ಇದ್ದ ಕಡೆ ಒಳ್ಳೆ ಮಾಲು ಕಮ್ಮಿ ರೇಟಿಗೆ ಸಿಗುವುದು ಕೆ.ಆರ್. ಮಾರ್ಕೆಟ್ಟಿನ ಹೂವಿನಿಂದ ಹಿಡಿದು ಕಾರಿನವರೆಗೂ ಒಂದೇ ನಿಯಮ. ಒಂದು ಕಾಲಕ್ಕೆ ಮ್ಯಾನೇಜರುಗಳು ಮಾತ್ರ ಓಡಿಸುತ್ತಿದ್ದ ಸಿಟಿ, ವೆರ್ನಾ, ಸಿಯಾಜ್‌ಗಳು ಇವತ್ತು ಒಂದು ಹೊಸ ಸಣ್ಣ ಹ್ಯಾಚ್‌ಬ್ಯಾಕಿನ ಬೆಲೆಗೆ ಸಿಗುತ್ತವೆ.

ನಮ್ಮ ಈ 'ಕಾಂಪ್ಯಾಕ್ಟ್' ಗಾಡಿಗಳ ಹುಟ್ಟಿನ ಕಥೆಯನ್ನೂ ತಿಳಿದುಕೊಳ್ಳಿ. 2006ರ ಬಜೆಟ್ಟಿನಲ್ಲಿ 4 ಮೀಟರ್ ಒಳಗಿನ, ಸಣ್ಣ ಎಂಜಿನ್ನಿನ ಕಾರುಗಳಿಗೆ ಅಬಕಾರಿ ಸುಂಕ ಇಳಿಸಿದರು. ಅಲ್ಲಿಂದ ಕಂಪನಿಗಳು ಸ್ಕೇಲು ಹಿಡಿದು ಗಾಡಿ ಕೊಯ್ಯಲು ಶುರುಮಾಡಿದವು. 2012ರ ಡಿಜೈರ್ ಹಿಂಭಾಗ ಕತ್ತರಿಸಿದ ಹಾಗೆ ಕಾಣುವುದಕ್ಕೆ ಕಾರಣ ಡಿಸೈನರ್ ಅಲ್ಲ, ತೆರಿಗೆ ಇಲಾಖೆ. ಇವತ್ತಿನ ಮಿನಿ ಎಸ್‌ಯುವಿಗಳೂ ಅದೇ ನಾಲ್ಕು ಮೀಟರಿನ ಪೆಟ್ಟಿಗೆಯೊಳಗೆ ಎತ್ತರ ಬೆಳೆದವು. ಹೆಚ್ಚಿನವುಗಳಲ್ಲಿ ಎಂಜಿನ್ ಶಕ್ತಿ ಹೋಗುವುದು ಮುಂದಿನ ಎರಡು ಚಕ್ರಕ್ಕೆ ಮಾತ್ರ. ಬುಲ್ ಮಾರ್ಕೆಟ್ಟಿನಲ್ಲಿ ಎಲ್ಲರೂ ಹೂಡಿಕೆ ಪಂಡಿತರಾದ ಹಾಗೆ, ಕಪ್ಪು ಪ್ಲಾಸ್ಟಿಕ್ ಪಟ್ಟಿ ಹಚ್ಚಿಕೊಂಡ ಹ್ಯಾಚ್‌ಬ್ಯಾಕುಗಳೆಲ್ಲ ಎಸ್‌ಯುವಿಗಳಾಗಿವೆ.

ನಾಲ್ಕು ಮೀಟರಿನ ಹಂಗಿಲ್ಲದ ಸೆಡಾನ್ ಕೊಡುವುದೇನು? ಮೊದಲನೆಯದು ಡಿಕ್ಕಿ. ಸಿಯಾಜ್ ಮತ್ತು 2014ರ ಸಿಟಿಯ ಡಿಕ್ಕಿ 510 ಲೀಟರ್. ನಮ್ಮ ಬಿಡದಿಯಲ್ಲೇ ತಯಾರಾದ ಎಟಿಯೋಸ್‌ದು 595. ಜನಪ್ರಿಯ ಮಿನಿ ಎಸ್‌ಯುವಿಗಳದ್ದು 350ರ ಆಸುಪಾಸು. ದೀಪಾವಳಿಗೆ ಊರಿಗೆ ಹೋಗಿ, ವಾಪಸ್ ಬರುವಾಗ ಅಮ್ಮ ತುಂಬಿಕೊಡುವ ಅಕ್ಕಿ ಮೂಟೆ, ತೆಂಗಿನಕಾಯಿ, ಉಪ್ಪಿನಕಾಯಿ ಭರಣಿ, ಮಗುವಿನ ಸಾಮಾನು ಎಲ್ಲ ಹಿಡಿಸಬೇಕಾದವರಿಗೆ ಈ ಅಂಕಿಯ ಅರ್ಥ ಬಿಡಿಸಿ ಹೇಳಬೇಕಿಲ್ಲ. ಎರಡನೆಯದು ಹಿಂದಿನ ಸೀಟು. ಅಪ್ಪ ಅಮ್ಮ ಕಾಲು ಚಾಚಿ ಕೂರಬಹುದು. ಬಾಗಿ ಕೂರಬೇಕು ಅನ್ನುವ ತಕರಾರು ಇದ್ದೇ ಇದೆ, ಮಂಡಿ ನೋವಿನವರಿಗೆ ಎತ್ತರದ ಗಾಡಿಯೇ ಹತ್ತಿ ಇಳಿಯಲು ಸುಲಭ. ಅದನ್ನು ಒಪ್ಪುತ್ತೇನೆ. ಮೂರನೆಯದು ರಸ್ತೆ ಹಿಡಿತ. ಶಿರಾಡಿ, ಚಾರ್ಮಾಡಿ ತಿರುವುಗಳಲ್ಲಿ ನೆಲಕ್ಕೆ ಹತ್ತಿರ ಇರುವ ಗಾಡಿ ಕಡಿಮೆ ವಾಲುತ್ತೆ, ಹಿಂದೆ ಕೂತವರಿಗೆ ಹೊಟ್ಟೆ ತೊಳಸುವುದೂ ಕಡಿಮೆ.

'ನಮ್ಮ ರೋಡಿಗೆ ಗ್ರೌಂಡ್ ಕ್ಲಿಯರೆನ್ಸ್ ಸಾಲಲ್ಲ ಗುರೂ.' ಈ ವಾದದಲ್ಲಿ ಅರ್ಧ ಸತ್ಯ ಇದೆ. ಸಿಟಿಯದ್ದು 165 ಮಿಲಿಮೀಟರ್, ಸಿಯಾಜ್‌ದು 170. ಎಸ್‌ಯುವಿಗಳದ್ದು 200ರ ಆಸುಪಾಸು. ಐದು ಜನ ಕೂತು ಡಿಕ್ಕಿ ತುಂಬಿಸಿಕೊಂಡು, ಲೇಔಟಿನವರು ಸ್ವಂತ ಖುಷಿಗೆ ಹಾಕಿಸಿದ ಬೆಟ್ಟದಂಥ ಹಂಪ್ ಹತ್ತಿಸಿದರೆ ತಳ ಕರಕ್ ಅನ್ನುತ್ತೆ. ಅಡ್ಡಡ್ಡ ತಿರುಗಿಸಿ ನಿಧಾನ ದಾಟಿಸಬೇಕು. ನಿಮ್ಮ ಮನೆ ದಾರಿ ವರ್ಷಪೂರ್ತಿ ಮಣ್ಣಿನದ್ದಾಗಿದ್ದರೆ, ತಿಂಗಳಿಗೆ ಎರಡು ಸಲ ತೋಟದ ಕಾಲುದಾರಿಯಲ್ಲಿ ಓಡಾಡುವುದಿದ್ದರೆ ಸೆಡಾನ್ ಬೇಡ, ಆ ಮಾತು ಅಲ್ಲಿಗೆ ಮುಗೀತು. ಆದರೆ ಜೆ.ಪಿ. ನಗರದಿಂದ ಬೆಳ್ಳಂದೂರಿಗೆ ಗಂಟೆಗೆ ಹದಿನೈದು ಕಿಲೋಮೀಟರ್ ವೇಗದಲ್ಲಿ ತೆವಳುವವರಿಗೆ 200 ಮಿಲಿಮೀಟರ್ ಯಾಕೆ? ಗುಂಡಿಗೆ ಉತ್ತರ ಪಾಲಿಕೆಯಿಂದ ಬರಬೇಕು. ಅದನ್ನು ನಾವೇ ಎರಡು ಲಕ್ಷ ಜಾಸ್ತಿ ಕೊಟ್ಟು ಶೋರೂಮಿನಲ್ಲಿ ಕೊಳ್ಳುತ್ತಿದ್ದೇವೆ.

ಇಲ್ಲಿಯವರೆಗೆ ತಲೆಯಾಡಿಸುತ್ತಾ ಬಂದ ಹಳೆ ಗಾಡಿ ಭಕ್ತರು ಈಗ ಸ್ವಲ್ಪ ಕೂತ್ಕೊಳ್ಳಿ. ಮುಂದಿನದು ನಿಮಗೆ.

ಹಳೆ ಗಾಡಿ ಮಾರುಕಟ್ಟೆಯಲ್ಲಿ ಮೋಸ ನಡೆಯುತ್ತೆ, ರಾಜಾರೋಷವಾಗಿಯೇ ನಡೆಯುತ್ತೆ. ನಾನು ಸುಮಾರು ಮೂರು ತಿಂಗಳು ಹುಡುಕಿ, ಹದಿನೇಳು ಗಾಡಿ ನೋಡಿ, ಕೊನೆಗೆ 2016ರ ಪೆಟ್ರೋಲ್ ಸಿಯಾಜ್ ಒಂದನ್ನು 4.6 ಲಕ್ಷಕ್ಕೆ ತಂದವನು. ಆ ಹದಿನೇಳರಲ್ಲಿ ಹನ್ನೊಂದು ಗಾಡಿಗಳು 'ಡಾಕ್ಟರ್ ಗಾಡಿ ಸಾರ್, ಸಿಂಗಲ್ ಓನರ್'. ಬೆಂಗಳೂರಿನ ಡಾಕ್ಟರುಗಳು ರೋಗಿಗಳನ್ನು ಬಿಟ್ಟು ಬರೀ ಕಾರು ಮಾರುತ್ತಿದ್ದಾರೇನೋ ಅನ್ನುವಷ್ಟು. ಒಂದು ಗಾಡಿಯ ಮೀಟರಿನಲ್ಲಿ 42,000 ಕಿಲೋಮೀಟರ್ ಇತ್ತು. ರಿಜಿಸ್ಟ್ರೇಷನ್ ನಂಬರ್ ಹಿಡಿದು ಸರ್ವಿಸ್ ಹಿಸ್ಟರಿ ತೆಗೆಸಿದರೆ ಎರಡು ವರ್ಷದ ಹಿಂದೆಯೇ 1,18,000! ಕೇಳಿದರೆ ಬ್ರೋಕರ್ ಒಂದಿಷ್ಟೂ ಅಳುಕದೆ, 'ಮೀಟರ್ ಬದಲಾಯಿಸಿದ್ದಾರೆ ಸಾರ್, ಗಾಡಿ ಮಾತ್ರ ಮಕ್ಖನ್' ಅಂದ.

ಮೀಟರನ್ನು ನಂಬಬೇಡಿ, ಗಾಡಿಯನ್ನು ಕೇಳಿ. ಕ್ಲಚ್, ಬ್ರೇಕ್ ಪೆಡಲಿನ ರಬ್ಬರ್ ಸವೆದು ಬೋಳಾಗಿದ್ದರೆ, ಸ್ಟಿಯರಿಂಗ್ ನುಣ್ಣಗೆ ಹೊಳೆಯುತ್ತಿದ್ದರೆ ಅದು ನಲವತ್ತು ಸಾವಿರದ ಗಾಡಿಯಲ್ಲ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. 2319 ಅಂತಿದ್ದರೆ 2019ನೇ ಇಸವಿಯ 23ನೇ ವಾರದ ಟೈರು. 2017ರ ಗಾಡಿ ಬರೀ 30,000 ಓಡಿದೆ ಅಂತಾರೆ, ಟೈರ್ ಮಾತ್ರ ಆಗಲೇ ಎರಡು ಸಲ ಬದಲಾಗಿದೆ, ಹೇಗೆ? ಬಾನೆಟ್, ಬಾಗಿಲುಗಳ ಬೋಲ್ಟಿನ ಮೇಲಿನ ಪೇಂಟ್ ಕಿತ್ತಿದ್ದರೆ ಯಾರೋ ಬಿಚ್ಚಿದ್ದಾರೆ ಅಂತರ್ಥ. ಯಾಕೆ ಬಿಚ್ಚಿದರು ಅಂತ ಕೇಳಿ.

ಇನ್ನು ನೀರು ಕುಡಿದ ಗಾಡಿ. 2022ರ ಸೆಪ್ಟೆಂಬರಿನಲ್ಲಿ ಯಮಲೂರು, ಸರ್ಜಾಪುರ ರಸ್ತೆ ಕಡೆ ಟ್ರ್ಯಾಕ್ಟರುಗಳಲ್ಲಿ ಜನರನ್ನು ಸಾಗಿಸಿದ್ದು ನೆನಪಿದೆ ತಾನೆ? ಅಂಥ ಮಳೆಯಲ್ಲಿ ಮುಳುಗಿದ ಗಾಡಿಗಳೆಲ್ಲ ಗುಜರಿಗೆ ಹೋಗುವುದಿಲ್ಲ. ತೊಳೆದು, ಒಣಗಿಸಿ, ಸೆಂಟು ಹೊಡೆದು ಬೇರೆ ಊರಿನಲ್ಲಿ ನಿಲ್ಲಿಸುವವರು ಇದ್ದಾರೆ. ಚೆನ್ನೈನ ಗಾಡಿ ಇಲ್ಲಿಗೆ, ಇಲ್ಲಿಯದು ಇನ್ನೆಲ್ಲಿಗೋ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ, ಕೆಸರಿನ ಗೆರೆ ಅಲ್ಲಿ ಉಳಿದಿರುತ್ತೆ. ಸ್ಟೆಪ್ನಿ ತೆಗೆದು ಕೆಳಗೆ ಮುಟ್ಟಿ ನೋಡಿ, ಸೀಟಿನ ಕಂಬಿಗಳ ತುಕ್ಕು ನೋಡಿ. ಒಳಗೆ ಕೂತ ಕೂಡಲೇ ಮಲ್ಲಿಗೆ ವಾಸನೆ ಗಮ್ಮಂತ ಹೊಡೆದರೆ ಅನುಮಾನ ಪಡಿ.

ಮಾದರಿ ಆಯ್ಕೆಯಲ್ಲೂ ಬಡ್ಜೆಟ್ಟಿಗೆ ತಕ್ಕ ಬುದ್ಧಿ ಇರಲಿ. ನಾಲ್ಕು ಲಕ್ಷಕ್ಕೆ ಸಿಗುವ ಐಷಾರಾಮಿ ಜರ್ಮನ್ ಗಾಡಿ ಅಗ್ಗವಲ್ಲ. ಅದರ ಬಿಡಿಭಾಗಗಳ ಬೆಲೆ ನಾಲ್ಕು ಲಕ್ಷದ ಗಾಡಿಯದ್ದಲ್ಲ, ನಲವತ್ತು ಲಕ್ಷದ ಗಾಡಿಯದ್ದೇ. ಡಬಲ್ ಕ್ಲಚ್ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಹಳೇದಾದಾಗ ಕೈಕೊಟ್ಟರೆ ರಿಪೇರಿ ಬಿಲ್ ಲಕ್ಷದ ಮಾತಾಡುತ್ತೆ. ಷೆವರ್ಲೆ 2017ರ ಕೊನೆಗೆ ಇಲ್ಲಿ ಮಾರಾಟ ನಿಲ್ಲಿಸಿತು, ಫೋರ್ಡ್ 2021ರಲ್ಲಿ ತಯಾರಿಕೆ ಮುಚ್ಚುವುದಾಗಿ ಘೋಷಿಸಿತು. ಆ ಗಾಡಿಗಳು ಕೆಟ್ಟವು ಅಂತಲ್ಲ, ಫೋರ್ಡ್ ಆಸ್ಪೈರ್ ಓಡಿಸಿದವರು ಅದನ್ನು ಹೊಗಳುತ್ತಲೇ ಇರುತ್ತಾರೆ. ಆದರೆ ಒಂದು ಹೆಡ್‌ಲೈಟಿಗೆ ಜೆ.ಸಿ. ರಸ್ತೆಯಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆಯುವ ಪುರುಸೊತ್ತು ನಿಮಗಿದೆಯಾ? ಇದ್ದರೆ ಕಡಿಮೆ ರೇಟಿಗೆ ಖಂಡಿತ ತಗೊಳ್ಳಿ.

ಡೀಸೆಲ್ ಬಗ್ಗೆ ಎರಡೇ ಮಾತು. ದಿನಾ ಐವತ್ತು ಅರವತ್ತು ಕಿಲೋಮೀಟರ್ ಹೈವೇ ಓಡುವವರಿಗೆ ಸರಿ. ವಾರಾಂತ್ಯಕ್ಕೆ ಮಾತ್ರ ಹೊರಗೆ ತೆಗೆಯುವವರಿಗೆ ಹಳೆ ಡೀಸೆಲಿನ ಇಂಜೆಕ್ಟರ್, ಟರ್ಬೊ ಖರ್ಚು ಹುಟ್ಟಿಸುವ ಭಯಕ್ಕೆ ಉಳಿಸಿದ ಇಂಧನ ದುಡ್ಡು ಸಾಟಿಯಲ್ಲ. ಪೆಟ್ರೋಲಿನಲ್ಲಿ ಈಗ ಇ20 ತಕರಾರು ಇದೆ. ಎಥೆನಾಲಿನಲ್ಲಿ ಶಕ್ತಿ ಕಡಿಮೆ, ಹಾಗಾಗಿ ಮೈಲೇಜು ಸ್ವಲ್ಪ ಇಳಿಯುತ್ತೆ. 2023ಕ್ಕಿಂತ ಹಳೆಯ ಗಾಡಿಗಳನ್ನು ಹೆಚ್ಚಾಗಿ ಅದಕ್ಕಂತ ಮಾಡಿರಲಿಲ್ಲ. ಸರ್ವಿಸ್ ಮಾಡಿಸುವಾಗ ಇಂಧನದ ರಬ್ಬರ್ ಪೈಪು, ಸೀಲುಗಳನ್ನು ತಪಾಸಣೆ ಮಾಡಿಸಿ. ವರ್ಷಕ್ಕೆ 40 ಸಾವಿರ ಹೆಚ್ಚುವರಿ ಅಂದೆನಲ್ಲ, ಇಂಥವೂ ಅದರಲ್ಲಿ ಸೇರಿವೆ.

ದಿಲ್ಲಿ ನಂಬರಿನ ಗಾಡಿ ಅಗ್ಗಕ್ಕೆ ಸಿಗುತ್ತೆ ಅಂತ ಒಂದು ಆಸೆ ಎಲ್ಲರಿಗೂ. ಅಲ್ಲಿ 10 ವರ್ಷ ದಾಟಿದ ಡೀಸೆಲ್, 15 ದಾಟಿದ ಪೆಟ್ರೋಲ್ ಗಾಡಿಗಳ ಮೇಲೆ ಕತ್ತಿ ತೂಗುತ್ತಿರುವುದರಿಂದ ರೇಟು ಬಿದ್ದಿದೆ. ಆದರೆ ಹೊರ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಎನ್‌ಒಸಿ ತಂದು ಮರುನೋಂದಣಿ ಮಾಡಿಸಬೇಕು, ಇಲ್ಲಿನ ಲೈಫ್ ಟ್ಯಾಕ್ಸನ್ನು ಗಾಡಿಯ ವಯಸ್ಸಿನ ಲೆಕ್ಕದಲ್ಲಿ ಕಟ್ಟಬೇಕು. ಅಗ್ಗದ ಗಾಡಿಯ ಅಗ್ಗವೆಲ್ಲ ಆರ್‌ಟಿಒ ಕೌಂಟರಿನಲ್ಲಿ ಮುಗಿಯುತ್ತೆ. ಕೆಎ ನಂಬರ್ ಗಾಡಿಯನ್ನೇ ಹುಡುಕಿ. ಹಾಗೇ ಎಟಿಯೋಸ್, ಡಿಜೈರ್, ಎಕ್ಸೆಂಟ್ ನೋಡುವಾಗ ಅದು ಮೊದಲು ಹಳದಿ ಬೋರ್ಡ್ ಆಗಿತ್ತಾ ಅಂತ ವಿಚಾರಿಸಿ. ಟ್ಯಾಕ್ಸಿ ಓಡಿಸಿ ಬಿಳಿ ಬೋರ್ಡಿಗೆ ಬದಲಾಯಿಸಿ ಮಾರುವುದುಂಟು.

ಒಂದು ವಿಷಯದಲ್ಲಿ ಮಾತ್ರ ಚೌಕಾಸಿ ಬೇಡ. ನಮ್ಮಲ್ಲಿ ಎಲ್ಲ ಹೊಸ ಕಾರಿಗೂ ಎಬಿಎಸ್ ಕಡ್ಡಾಯವಾದದ್ದು 2019ರ ಏಪ್ರಿಲಿನಿಂದ, ಡ್ರೈವರ್ ಏರ್‌ಬ್ಯಾಗ್ ಅದೇ ವರ್ಷದ ಜುಲೈನಿಂದ. ಪಕ್ಕದ ಸೀಟಿಗೆ ಏರ್‌ಬ್ಯಾಗ್ ಎಲ್ಲ ಕಾರಲ್ಲೂ ಬರುವ ಹೊತ್ತಿಗೆ 2021 ಮುಗಿದಿತ್ತು. ಅಂದರೆ ನಮ್ಮ ಬಡ್ಜೆಟ್ಟಿನಲ್ಲಿ ಬರುವ ಗಾಡಿಗಳ ಬೇಸ್ ಮಾಡೆಲ್‌ಗಳಲ್ಲಿ ಎಷ್ಟೋ ಸಲ ಎರಡೂ ಇರಲ್ಲ. 2014ರಲ್ಲಿ ಗ್ಲೋಬಲ್ ಎನ್‌ಸಿಎಪಿಯವರು ನಮ್ಮ ಐದು ಜನಪ್ರಿಯ ಕಾರುಗಳ ಏರ್‌ಬ್ಯಾಗ್ ಇಲ್ಲದ ಮಾದರಿಗಳನ್ನು ಗುದ್ದಿಸಿ ನೋಡಿದಾಗ ಐದಕ್ಕೂ ಸಿಕ್ಕಿದ್ದು ಸೊನ್ನೆ ಸ್ಟಾರ್. ಹಾಗಾಗಿ ಸೌಂಡ್ ಸಿಸ್ಟಮ್ ಬಿಡಿ, ಅಲಾಯ್ ವೀಲ್ ಬಿಡಿ, ಎರಡು ಏರ್‌ಬ್ಯಾಗ್ ಮತ್ತು ಎಬಿಎಸ್ ಇಲ್ಲದ ಗಾಡಿಯನ್ನು ಐವತ್ತು ಸಾವಿರ ಕಮ್ಮಿ ಅಂದರೂ ಮುಟ್ಟಬೇಡಿ. ಇದು ಹಳೆ ಗಾಡಿಯ ವಿರುದ್ಧ ಇರುವ ಅತ್ಯಂತ ಗಟ್ಟಿ ವಾದ. ಆರು ಏರ್‌ಬ್ಯಾಗಿನ, ಐದು ಸ್ಟಾರಿನ ಹೊಸ ಕಾರು ಈ ಒಂದು ವಿಷಯದಲ್ಲಿ ನಮ್ಮ ಹಳೆ ಸೆಡಾನನ್ನು ಸೋಲಿಸುತ್ತೆ. ದಿನಾ ಹೈವೇಯಲ್ಲೇ ಓಡಾಡುವವರು ನನ್ನ ಐದೂವರೆ ಲಕ್ಷದ ಲೆಕ್ಕಕ್ಕಿಂತ ಇದಕ್ಕೇ ಹೆಚ್ಚು ತೂಕ ಕೊಟ್ಟರೆ ನಾನು ವಾದ ಮಾಡಲ್ಲ.

ಆಪ್ ಕಂಪನಿಗಳ 'ಇನ್ನೂರು ಪಾಯಿಂಟ್ ಇನ್‌ಸ್ಪೆಕ್ಷನ್' ಓದಿ, ಬೇಡ ಅನ್ನಲ್ಲ. ಆದರೆ ಮಾರುವವನೇ ಬರೆದ ಸರ್ಟಿಫಿಕೇಟ್ ಅದು. ಹೆಣ್ಣಿನ ಕಡೆಯವರೇ ಬರೆಸಿದ ಜಾತಕ ಅನ್ನುತ್ತಿದ್ದರು ನಮ್ಮಜ್ಜ ಇಂಥದ್ದಕ್ಕೆ. ನಾನು ನೋಡಿದ ಅಂಥ ಒಂದು ರಿಪೋರ್ಟಿನಲ್ಲಿ ಹಿಂದಿನ ಬಂಪರಿನ ಗೀರು ಎಷ್ಟು ಸೆಂಟಿಮೀಟರ್ ಅಂತ ಇತ್ತು, ಸಸ್ಪೆನ್ಷನ್ ಸದ್ದು ಮಾಡುತ್ತೆ ಅಂತ ಇರಲಿಲ್ಲ. ಒಂದೆರಡು ಸಾವಿರ ಕೊಟ್ಟು ನಿಮಗೆ ಗುರುತಿರುವ ಮೆಕ್ಯಾನಿಕ್ಕನ್ನು ಕರಕೊಂಡು ಹೋಗಿ. ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗಲೇ ಹೋಗಿ. ಬಿಸಿ ಎಂಜಿನ್ ಎಲ್ಲವನ್ನೂ ಮುಚ್ಚಿಡುತ್ತೆ.

ಕಾಗದಪತ್ರದ ಕೆಲಸ ಬೇಸರದ್ದು, ಆದರೆ ಅದನ್ನು ಬ್ರೋಕರಿಗೆ ಬಿಟ್ಟು ಮನೆಗೆ ಬರಬೇಡಿ. ವಾಹನ್ ಪೋರ್ಟಲಿನಲ್ಲಿ ಗಾಡಿ ನಂಬರ್ ಹಾಕಿ ಎಷ್ಟನೇ ಓನರ್, ಸಾಲ ಬಾಕಿ ಇದೆಯಾ, ಇನ್ಶೂರೆನ್ಸ್ ಇದೆಯಾ ನೋಡಿ. ಸಾಲ ತೀರಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35 ಕೇಳಿ. ಟ್ರಾಫಿಕ್ ದಂಡ ಬಾಕಿ ಇದೆಯಾ ನೋಡಿ. ಫಾರ್ಮ್ 29, 30ಕ್ಕೆ ಸಹಿ ಮಾಡಿಸಿ, 30 ದಿನದೊಳಗೆ ಆರ್‌ಸಿ ನಿಮ್ಮ ಹೆಸರಿಗೆ ಮಾಡಿಸಿ. ಅಪಘಾತ ಆದಾಗ ಪರಿಹಾರದ ಹೊಣೆ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರದ್ದೇ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಮುಂದೊಂದು ದಿನ ನೀವು ಮಾರುವಾಗಲೂ ಇದನ್ನು ಮರೀಬೇಡಿ. ಇನ್ಶೂರೆನ್ಸನ್ನು 14 ದಿನದೊಳಗೆ ವರ್ಗಾಯಿಸದಿದ್ದರೆ ನಿಮ್ಮ ಗಾಡಿಗಾದ ಹಾನಿಯ ಕ್ಲೇಮ್ ತಿರಸ್ಕಾರವಾಗಬಹುದು. ಹಳೆ ಓನರಿನ ನೋ ಕ್ಲೇಮ್ ಬೋನಸ್ ಅವರದ್ದು, ಗಾಡಿಯ ಜೊತೆ ನಿಮಗೆ ಬರಲ್ಲ. ಗಾಡಿಯ ಆರ್‌ಸಿಗೆ 15 ವರ್ಷ ಆಯಸ್ಸು, ಆಮೇಲೆ ಎಫ್‌ಸಿ ಮಾಡಿಸಿ ಐದೈದು ವರ್ಷಕ್ಕೆ ನವೀಕರಣ. ಹಾಗಾಗಿ ಹದಿಮೂರು ವರ್ಷದ ಗಾಡಿ ಎಷ್ಟೇ ಹೊಳೆಯುತ್ತಿದ್ದರೂ ಮೊದಲ ಕಾರು ಕೊಳ್ಳುವವರಿಗೆ ಬೇಡ.

ಇಷ್ಟೆಲ್ಲ ಓದಿ ಸುಸ್ತಾಯಿತು ಅನಿಸಿದರೆ ಅದೂ ಒಂದು ಉತ್ತರವೇ. ಮೂರು ತಿಂಗಳು ಹುಡುಕುವ ತಾಳ್ಮೆ ಇಲ್ಲದವರಿಗೆ, ರಸ್ತೆ ಮಧ್ಯೆ ಗಾಡಿ ನಿಂತರೆ ಪ್ರಪಂಚವೇ ಮುಳುಗಿತು ಅಂದುಕೊಳ್ಳುವವರಿಗೆ ಹಳೆ ಗಾಡಿ ಹೇಳಿಸಿದ್ದಲ್ಲ. ಮನೆಯೂ ಆಫೀಸೂ ನೇರಳೆ, ಹಸಿರು, ಹಳದಿ ಮೆಟ್ರೊ ಮಾರ್ಗಗಳ ಹತ್ತಿರವೇ ಇರುವವರು ಹೊಸದೂ ಬೇಡ, ಹಳೇದೂ ಬೇಡ ಅಂತ ಕೂತರೆ ಇನ್ನೂ ಜಾಣರು. ಊರಿಗೆ ಹೋಗುವಾಗ ಬಾಡಿಗೆಗೆ ತಗೊಂಡರೆ ಆಯಿತು.

ಆದರೆ ಈ ಯಾವ ಕಾರಣಕ್ಕೂ ಅಲ್ಲದೆ, ಬರೀ ನಾಚಿಕೆಗೆ ಹೊಸ ಗಾಡಿ ಕೊಳ್ಳುವವರೇ ನಮ್ಮಲ್ಲಿ ಜಾಸ್ತಿ. ಅದನ್ನೇ ನಾನು ಒಪ್ಪದಿರುವುದು. 'ಸೆಕೆಂಡ್ ಹ್ಯಾಂಡಾ?' ಅಂತ ಮೂಗು ಮುರಿಯುವ ಇದೇ ಸೋದರಮಾವ ಜಯನಗರದಲ್ಲಿ ಕೋಟಿ ಕೊಟ್ಟು ತಗೊಂಡದ್ದು ಇಪ್ಪತ್ತು ವರ್ಷದ ಹಳೆ ಫ್ಲ್ಯಾಟು. ಅದಕ್ಕೆ ಮಾತ್ರ 'ರೀಸೇಲ್' ಅಂತ ಗೌರವದ ಹೆಸರು. ಅಜ್ಜಿಯ ಅವಲಕ್ಕಿ ಸರ ಅತ್ತೆಗೆ, ಅತ್ತೆಯಿಂದ ಸೊಸೆಗೆ ಬಂದರೆ ಅದು ಮನೆತನ. ಪೂರ್ತಿ ದುಡ್ಡು ಕೊಟ್ಟು ತಂದ ಏಳು ವರ್ಷದ ಕಾರು ಮಾತ್ರ ಅವಮಾನ, ಬ್ಯಾಂಕಿನ ಹೆಸರು ಆರ್‌ಸಿಯಲ್ಲಿ ಇರುವ ಕಾರು ಪ್ರತಿಷ್ಠೆ. ನನ್ನ ಸಿಯಾಜ್ ನೋಡಿ ಅದೇ ಮಾವ, 'ಈಗ ಈ ಮಾಡೆಲ್ ಬರೋದೇ ನಿಂತೋಯ್ತಂತಲ್ಲೋ' ಅಂದರು. 'ಹೌದು ಮಾವ, ಇಎಂಐನೂ ನಿಂತೋಗಿದೆ' ಅಂದೆ. ಅದಕ್ಕೆ ಅವರ ಹತ್ತಿರ ಉತ್ತರ ಇರಲಿಲ್ಲ, ಅವರ ಹೊಸ ಗಾಡಿಗೆ ಇನ್ನೂ ಐವತ್ತೆರಡು ಕಂತು ಬಾಕಿ ಇತ್ತು.

ಆಯುಧಪೂಜೆ ದಿನ ಅಪಾರ್ಟ್‌ಮೆಂಟಿನ ಪಾರ್ಕಿಂಗಿಗೆ ಇಳಿದು ನೋಡಿ. ಹೊಸದಕ್ಕೂ ಹಳೇದಕ್ಕೂ ಅದೇ ಬೂದುಗುಂಬಳಕಾಯಿ, ಚಕ್ರದ ಕೆಳಗೆ ಅದೇ ನಾಲ್ಕು ನಿಂಬೆಹಣ್ಣು. ಪೂಜೆ ಮಾಡುವ ಭಟ್ಟರು ಎಷ್ಟನೇ ಓನರ್ ಅಂತ ಕೇಳಲ್ಲ. ಕೇಳುವವರು ನೆಂಟರು, ಪಕ್ಕದ ಮನೆಯವರು, ಇನ್‌ಸ್ಟಾಗ್ರಾಮಿನವರು. ಇವರಲ್ಲಿ ಒಬ್ಬರೂ ನಿಮ್ಮ ಕಂತು ಕಟ್ಟುವವರಲ್ಲ. ಶೋರೂಮಿಗೆ ಟೋಕನ್ ಕೊಡುವ ಮೊದಲು ಒಂದು ಭಾನುವಾರ ಬೆಳಿಗ್ಗೆ ಗುರುತಿನ ಮೆಕ್ಯಾನಿಕ್ಕನ್ನು ಕರಕೊಂಡು ಎರಡು ಹಳೆ ಸೆಡಾನ್ ನೋಡಿ ಬನ್ನಿ. ಖರ್ಚು ಒಂದೆರಡು ಸಾವಿರ, ಜೊತೆಗೆ ಎರಡು ಕಾಫಿ. ಅದಾದ ಮೇಲೂ ಹೊಸದೇ ಬೇಕು ಅನಿಸಿದರೆ ಲೆಕ್ಕ ಹಾಕಿ, ಬೇಕಂತಲೇ ತಗೊಳ್ಳಿ. ನೆಂಟರಿಗೆ ಹೆದರಿ ಮಾತ್ರ ಬೇಡ.